ಗಾಳಿಯ ದಿನ ಕಡ್ಡಿಯ ದಿನವಲ್ಲ

ನನ್ನ ಕೈಲಿರುವ ಈ ಕಡ್ಡಿಯನ್ನು ಮೊದಲು ಎಲ್ಲರೂ ಒಮ್ಮೆ ನೋಡಿ. ಮುಂದಿನ ಸಾಲಿನಿಂದ ಶುರು ಮಾಡಿ ಹಿಂದಕ್ಕೆ ಕಳಿಸಿ. ಮೊನೆ ಚೂಪಾಗಿದೆ, ಮಕ್ಕಳ ಕೈಗೆ ಕೊಡುವಾಗ ಜೋಪಾನ. ಉದ್ದ ಒಂದೂವರೆ ಮೊಳ, ದಪ್ಪ ಕಿರುಬೆರಳಿನಷ್ಟು. ಎರಡೂ ತುದಿಗಳನ್ನು ಕತ್ತಿಯಲ್ಲಿ ಕೆತ್ತಿದ್ದಾರೆ. ನಡುವೆ ತಿರುಚಿ ಬಗ್ಗಿಸಿದ ಗುರುತಿದೆ, ಆದರೆ ಮುರಿದಿಲ್ಲ. ಹೆಂಗಸರು ತಲೆಗೆ ಸಿಕ್ಕಿಸುವ ಹೇರ್‌ಪಿನ್ ಇದೆಯಲ್ಲ, ಅದನ್ನೇ ಮರದಲ್ಲಿ ದೊಡ್ಡದಾಗಿ ಮಾಡಿದ ಹಾಗೆ. ಇದರ ಹೆಸರು ಸ್ಕೊಲಬ್. ಐರ್ಲೆಂಡಿನಲ್ಲಿ ಮನೆಗೆ ಹುಲ್ಲು ಹೊದಿಸುವಾಗ, ಆ ಹುಲ್ಲು ಹಾರಿಹೋಗದ ಹಾಗೆ ಚುಚ್ಚಿ ಹಿಡಿಸುವ ಕಡ್ಡಿ ಇದು. ಹೇಜಲ್ ಗಿಡದ್ದೋ ವಿಲ್ಲೋ ಗಿಡದ್ದೋ ಎಳೆ ಕೊಂಬೆಯಿಂದ ಮಾಡುತ್ತಾರೆ. ಒಂದು ಮಾಡಿಗೆ ಇಂಥವು ಸಾವಿರಗಟ್ಟಲೆ ಬೇಕು. ಅಷ್ಟನ್ನೂ ಚಳಿಗಾಲದ ಸಂಜೆ ಒಲೆಯ ಮುಂದೆ ಕೂತು, ಸೀಳಿ, ಕೆತ್ತಿ, ಕಟ್ಟು ಕಟ್ಟಿ ಇಡಬೇಕು.

ಈ ಕಡ್ಡಿಯ ಮೇಲೆ ಅಲ್ಲಿನ ಐರಿಷ್ ಭಾಷೆಯಲ್ಲಿ ಒಂದು ಗಾದೆ ಇದೆ. 'ನೀ ಹೇ ಲಾ ನ ಗೀಹ ಲಾ ನ ಸ್ಕೊಲಬ್.' ಲಾ ಅಂದರೆ ದಿನ, ಗೀಹ ಅಂದರೆ ಗಾಳಿ. ಗಾಳಿಯ ದಿನ ಕಡ್ಡಿಯ ದಿನವಲ್ಲ. ಅಷ್ಟೇ.

ಐರ್ಲೆಂಡಿನ ಗಾಲ್ವೇ ಊರಿನ ಒಂದು ಸಂಜೆ ತರಗತಿಯಲ್ಲಿ ನಾನು ಇದನ್ನು ಮೊದಲು ಕೇಳಿದ್ದು. ಆಗ ಅಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಸಂಜೆ ಮಾಡೋಕೆ ಬೇರೆ ಕೆಲಸ ಇರಲಿಲ್ಲ, ಮಳೆ ಬೇರೆ. ಸುಮ್ನೆ ಹೋಗಿ ಐರಿಷ್ ಭಾಷೆಯ ತರಗತಿಗೆ ಸೇರಿಕೊಂಡೆ. ಗಾದೆ ಕೇಳಿದ ತಕ್ಷಣ ಕೈ ಎತ್ತಿ, "ನಮ್ಮಲ್ಲೂ ಇದೆ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಅನ್ನುತ್ತೇವೆ" ಎಂದೆ. ಮೇಷ್ಟ್ರು ಖುಷಿಪಟ್ಟರು. ನನಗೂ ಹೆಮ್ಮೆ ಆಯಿತು. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿದೆ. ಎಡಗಡೆ ಅವರ ಗಾದೆ, ಬಲಗಡೆ ನಮ್ಮದು. ಒಂದು ವರ್ಷ ಈ ಕೆಲಸ ಮಾಡಿದೆ. ಬಲಗಡೆ ತುಂಬಿದರೆ ಗಾದೆ ಅರ್ಥವಾಯಿತು ಅಂತ ಲೆಕ್ಕ.

ಆಮೇಲೆ ಒಂದು ದಿನ ಹುಲ್ಲು ಹೊದಿಸುವವರೊಬ್ಬರು ಮಾಡಿನ ಮೇಲೆ ಕೂತು ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದೆ. ಈ ಕಡ್ಡಿ ಅವರೇ ಕೊಟ್ಟದ್ದು. ಕಡ್ಡಿಯನ್ನು ನಡುವೆ ತಿರುಚುತ್ತಾರೆ, ನಾರು ಬಿಟ್ಟುಕೊಳ್ಳುತ್ತದೆ, ಆಗ ಮಡಿಚಿದರೂ ಮುರಿಯುವುದಿಲ್ಲ. ಮಡಿಚಿ ಎರಡೂ ಮೊನೆಗಳನ್ನು ಹುಲ್ಲಿನೊಳಗೆ ಅಂಗೈಯಲ್ಲಿ ತಳ್ಳುತ್ತಾರೆ. ಅದು ಒಳಗೆ ಹೋಗಿ ಮತ್ತೆ ನೆಟ್ಟಗಾಗಲು ಒದ್ದಾಡುತ್ತದಲ್ಲ, ಆ ಒದ್ದಾಟವೇ ಹುಲ್ಲನ್ನು ಹಿಡಿದುಕೊಳ್ಳುವುದು. ಅವತ್ತು ನನ್ನ ಬಲಗಡೆಯ ಕಾಲಂ ಬಗ್ಗೆ ನನಗೇ ಅನುಮಾನ ಬಂತು. ಬೆಂಕಿ ಅನ್ನುವುದು ಯಾವತ್ತೋ ಒಂದು ದಿನ ಬೀಳುವ ಕೇಡು. ಅಲ್ಲಿ ಗಾಳಿ ಪ್ರತಿ ವರ್ಷ ಬರುತ್ತದೆ, ಖಂಡಿತ ಬರುತ್ತದೆ. ನಮ್ಮ ಮಲೆನಾಡಿನ ಸೋಗೆ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಆರಿದ್ರೆ ಮಳೆ ಹಿಡಿದ ಮೇಲೆ ಸೋಗೆ ಹುಡುಕಿಕೊಂಡು ಹೊರಟವನಿಗೆ ಬೆಂಕಿ ಬಿದ್ದವನಿಗೆ ಸಿಗುವಷ್ಟು ಕರುಣೆ ಸಿಗುವುದಿಲ್ಲ, ಅಲ್ವಾ? "ಏನ್ ಮಾಡ್ತಿದ್ದೆ ಇಷ್ಟು ದಿನ?" ಅಂತಲೇ ಕೇಳುತ್ತಾರೆ. ಐರಿಷ್ ಗಾದೆಯಲ್ಲಿರುವುದು ಆ ಗದರಿಕೆ.

ಗಾಳಿಯ ಮಾತು ಬಂದಿದ್ದರಿಂದ ಒಂದು ಕಥೆ ಹೇಳಿಬಿಡುತ್ತೇನೆ, ವಿಷಯ ಬಿಟ್ಟು ಹೋಗುತ್ತಿದ್ದೇನೆ ಅಂದುಕೊಳ್ಳಬೇಡಿ. 1839ರ ಜನವರಿ 6ರ ರಾತ್ರಿ ಐರ್ಲೆಂಡಿಗೆ ಭಯಂಕರ ಬಿರುಗಾಳಿ ಬಡಿಯಿತು. ನೂರಾರು ಜನ ಸತ್ತರು, ಲೆಕ್ಕವಿಲ್ಲದಷ್ಟು ಮಾಡುಗಳು ಹಾರಿಹೋದವು. ಅದಕ್ಕೆ 'ದೊಡ್ಡ ಗಾಳಿಯ ರಾತ್ರಿ' ಅಂತಲೇ ಹೆಸರಾಯಿತು. ಎಪ್ಪತ್ತು ವರ್ಷ ಕಳೆದು, 1909ರ ಜನವರಿಯಿಂದ ಬ್ರಿಟಿಷ್ ಸರ್ಕಾರ ಎಪ್ಪತ್ತು ದಾಟಿದವರಿಗೆ ವಾರಕ್ಕೆ ಐದು ಶಿಲಿಂಗ್ ಪಿಂಚಣಿ ಕೊಡಲು ಶುರು ಮಾಡಿತು. ವಯಸ್ಸಿಗೆ ದಾಖಲೆ ಏನು? ಅಲ್ಲಿ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. ಹಾಗಾಗಿ ಅಧಿಕಾರಿಗಳು ಮುದುಕರನ್ನು ಕೂರಿಸಿಕೊಂಡು, "ದೊಡ್ಡ ಗಾಳಿಯ ರಾತ್ರಿ ನೆನಪಿದೆಯಾ?" ಎಂದು ಕೇಳುತ್ತಿದ್ದರು. ಇಡೀ ದೇಶಕ್ಕೆ ಇದ್ದಕ್ಕಿದ್ದಂತೆ ಆ ರಾತ್ರಿ ನೆನಪಾಯಿತು! "ಆ ರಾತ್ರಿ ಕೈಯಲ್ಲಿ ಆಲೂಗೆಡ್ಡೆ ಹಿಡಿದು ತಿಂದದ್ದು ಚೆನ್ನಾಗಿ ನೆನಪಿದೆ ಸ್ವಾಮಿ" ಅನ್ನುವ ಉತ್ತರವನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಇಂಥ ಗಾಳಿ ಕಂಡ ನಾಡಿನಲ್ಲಿ ಹುಟ್ಟಿದ್ದು ಈ ಕಡ್ಡಿಯ ಗಾದೆ.

ಇನ್ನು ಗಾದೆಗೆ ಅವರ ಭಾಷೆಯಲ್ಲಿ ಏನು ಹೆಸರು? ಶಾನೊಕಲ್. ಶಾನ್ ಅಂದರೆ ಹಳೆಯ, ಫೊಕಲ್ ಅಂದರೆ ಮಾತು. ಹಳೆಮಾತು. ಎರಡು ಸೇರಿದಾಗ ನಡುವಿನ 'ಫ' ಮಾಯವಾಗುತ್ತದೆ. ಬರೆಯುವಾಗ ಇರುತ್ತದೆ, ಓದುವಾಗ ಇಲ್ಲ. ತರಗತಿಯಲ್ಲಿ ಉಳಿದವರೆಲ್ಲ ಇದೇನು ವಿಚಿತ್ರ ಅಂತ ತಲೆ ಕೆರೆದುಕೊಂಡರು. ನನಗೆ ಅಷ್ಟೇನೂ ವಿಚಿತ್ರ ಅನ್ನಿಸಲಿಲ್ಲ. ಹಳೆ ಮತ್ತು ಕನ್ನಡ ಸೇರಿದರೆ ಹಳಗನ್ನಡ ಆಗುತ್ತದೆ, 'ಕ' ಹೋಗಿ 'ಗ' ಬರುತ್ತದೆ ಎಂದು ಹೈಸ್ಕೂಲಿನಲ್ಲಿ ಆದೇಶ ಸಂಧಿ ಬಾಯಿಪಾಠ ಮಾಡಿದವನು ನಾನು. ಅಂಕ ಬರಲಿಲ್ಲ, ಆದರೆ ಗಾಲ್ವೇಯಲ್ಲಿ ಉಪಯೋಗಕ್ಕೆ ಬಂತು.

ಗಾದೆಯ ಬಗ್ಗೆಯೇ ಒಂದು ಗಾದೆ ಇದೆ ಅವರಲ್ಲಿ: ಹಳೆಮಾತನ್ನು ಮೀರಿಸೋಕೆ ಆಗಲ್ಲ. ನಾವು ಒಂದು ಹೆಜ್ಜೆ ಮುಂದೆ ಹೋಗಿ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂದುಬಿಟ್ಟಿದ್ದೇವೆ. ಅಲ್ಲಿನ ಪಾದ್ರಿಗಳ ಮುಂದೆ ಬೈಬಲನ್ನು ಎಳೆದು ತರೋ ಧೈರ್ಯ ಅವರಿಗೆ ಬರಲಿಲ್ಲವೋ ಏನೋ.

ಈಗ ಒಲೆಗೆ ಬರೋಣ. 'ನೀಲ್ ಏನ್ ಟಿಂಟ್ಯಾನ್ ಮರ್ ದೊ ಹಿಂಟ್ಯಾನ್ ಫೇನ್.' ನಿನ್ನ ಸ್ವಂತ ಒಲೆಯಂಥ ಒಲೆ ಇನ್ನೊಂದಿಲ್ಲ. ಟೀ ಬಟ್ಟಲಿನ ಮೇಲೆ, ಗೋಡೆಗೆ ನೇತುಹಾಕುವ ಹಲಗೆಯ ಮೇಲೆ, ಪ್ರವಾಸಿಗರಿಗೆ ಮಾರುವ ಟವೆಲಿನ ಮೇಲೆ ಎಲ್ಲ ಕಡೆ ಇದು ಇರುತ್ತದೆ. 'ನಮ್ಮ ಮನೆಯೇ ನಮಗೆ ಚೆಂದ' ಅಂತ ಅರ್ಥ ಹೇಳಿ ಮುಗಿಸುತ್ತಾರೆ. ಆದರೆ ಗಾದೆಯಲ್ಲಿ ಮನೆ ಅನ್ನುವ ಪದವೇ ಇಲ್ಲ ನೋಡಿ, ಇರುವುದು ಒಲೆ. ಒಲೆ ಅಂದರೆ ನಮ್ಮ ಅಡುಗೆಮನೆಯ ಮೂಲೆ ಅಲ್ಲ, ಇಡೀ ಮನೆಯ ನಡುಭಾಗ. ಅಡುಗೆ ಅಲ್ಲೇ, ಚಳಿ ಕಾಯಿಸುವುದು ಅಲ್ಲೇ, ಒದ್ದೆ ಬಟ್ಟೆ ಒಣಗುವುದು ಅಲ್ಲೇ, ಕಥೆ ಹೇಳುವುದೂ ಅಲ್ಲೇ. ಉರುವಲು ಕಟ್ಟಿಗೆ ಅಲ್ಲ, ಟರ್ಫ್. ಅದು ಜೌಗು ನೆಲದ ಕಪ್ಪು ಮಣ್ಣು. ಗಿಡಗಂಟಿ, ಪಾಚಿ ಎಲ್ಲ ಸಾವಿರಾರು ವರ್ಷ ನೀರಿನಲ್ಲಿ ಅರೆಬರೆ ಕೊಳೆತು ಆದದ್ದು. ಅದನ್ನು ಇಟ್ಟಿಗೆಯ ಹಾಗೆ ಕೊಯ್ದು, ಬೇಸಿಗೆಯಲ್ಲಿ ಒಣಗಿಸಿ, ಒಟ್ಟಿಡುತ್ತಾರೆ. ಅದರ ಹೊಗೆಗೆ ಒಂದು ವಾಸನೆ ಇದೆ. ಸ್ವಲ್ಪ ಮಣ್ಣು, ಸ್ವಲ್ಪ ಸಿಹಿ. ಸ್ವೆಟರಿಗೆ ಹತ್ತಿದರೆ ತಿಂಗಳು ಬಿಡುವುದಿಲ್ಲ.

ಆ ಬೆಂಕಿಯನ್ನು ಆರಲು ಬಿಡುತ್ತಿರಲಿಲ್ಲ. ರಾತ್ರಿ ಮಲಗುವ ಮುಂಚೆ ಮನೆಯ ಹೆಂಗಸು ಕೆಂಡವನ್ನೆಲ್ಲ ಒಟ್ಟುಮಾಡಿ ಬೂದಿಯಲ್ಲಿ ಮುಚ್ಚುತ್ತಿದ್ದಳು. ಮುಚ್ಚುವಾಗ ಸಂತ ಬ್ರಿಜಿಡಳ ಹೆಸರು ಹೇಳಿ ಒಂದು ಪ್ರಾರ್ಥನೆ. ಬೆಳಿಗ್ಗೆ ಬೂದಿ ಸರಿಸಿದರೆ ಕೆಂಡ ಕಣ್ಣು ಬಿಡುತ್ತದೆ. ಮೇ 1ರಂದು ಮನೆಯಿಂದ ಬೆಂಕಿ ಹೊರಗೆ ಕೊಡುತ್ತಿರಲಿಲ್ಲ, ಕೊಟ್ಟರೆ ವರ್ಷಪೂರ್ತಿ ಬೆಣ್ಣೆ ಬರಲ್ಲ ಅಂತ ನಂಬಿಕೆ. ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು ಹೊರಗೆ ಕೊಡದ ಮನೆಗಳು ಈ ಸಭೆಯಲ್ಲೇ ಎಷ್ಟಿವೆ ಅಂತ ನನಗೆ ಗೊತ್ತು! ಹಾಗಾಗಿ ಬೇರೆಯವರ ಒಲೆ ಅನ್ನುವುದಕ್ಕೂ ನನ್ನ ಒಲೆ ಅನ್ನುವುದಕ್ಕೂ ಅವರಿಗೆ ಭಾರೀ ವ್ಯತ್ಯಾಸ. ಬಾಡಿಗೆ ಕಟ್ಟಲಾಗದವರನ್ನು ಜಮೀನ್ದಾರರು ಮನೆಯಿಂದ ಹೊರಹಾಕುತ್ತಿದ್ದ ಕಾಲದಲ್ಲಿ ಆರಿಹೋಗುತ್ತಿದ್ದದ್ದು ಈ ಬೆಂಕಿ. ಟವೆಲಿನ ಮೇಲೆ ಅದೆಲ್ಲ ಅಚ್ಚು ಹಾಕಲು ಆಗಲ್ಲ ಬಿಡಿ.

ಇದೇ ಗಾದೆಗೆ ಶಾಲೆಯ ಮಕ್ಕಳು ಮಾಡಿಕೊಂಡ ಒಂದು ತುಂಟ ರೂಪ ಇದೆ. 'ನೀಲ್ ಏನ್ ಟೋನ್ ಟಿನ್ ಮರ್ ದೊ ಹೋನ್ ಟಿನ್ ಫೇನ್.' ಕೇಳಲು ಹೆಚ್ಚುಕಮ್ಮಿ ಹಾಗೇ ಇದೆ. ಅರ್ಥ: ನಿನ್ನ ಕುಂಡೆ ನೋವಿನಂಥ ಕುಂಡೆ ನೋವು ಇನ್ನೊಂದಿಲ್ಲ. ಹಿರಿಯರು ಕ್ಷಮಿಸಬೇಕು. ಆದರೆ ಯೋಚಿಸಿ ನೋಡಿ, ಮೂಲ ಗಾದೆಗಿಂತ ಇದರಲ್ಲಿ ಸತ್ಯ ಏನೂ ಕಮ್ಮಿ ಇಲ್ಲ.

ಮುಂದಿನದು ನನಗೆ ತುಂಬಾ ಹತ್ತಿರವಾದ ಗಾದೆ. 'ಅರ್ ಸ್ಕಾ ಅ ಹ್ಯೇಲೆ ಅ ವಾರನ್ ನ ದೀನೆ.' ಜನ ಬಾಳುವುದು ಒಬ್ಬರು ಇನ್ನೊಬ್ಬರ 'ಸ್ಕಾ'ದಲ್ಲಿ. ಈ ಸ್ಕಾ ಅನ್ನುವ ಪದ ಇಂಗ್ಲಿಷಿಗೆ ಹೋದಾಗ ಪರದಾಡುತ್ತದೆ. ನೆರಳು ಅನ್ನಬೇಕೋ ಆಸರೆ ಅನ್ನಬೇಕೋ ಗೊತ್ತಾಗದೆ ಕೆಲವರು ಒಂದು ಬರೆಯುತ್ತಾರೆ, ಕೆಲವರು ಇನ್ನೊಂದು. ಕನ್ನಡಕ್ಕೆ ಆ ಕಷ್ಟವೇ ಇಲ್ಲ. 'ಅವರ ನೆರಳಲ್ಲಿ ಬೆಳೆದೆ' ಅಂದರೆ ನಮಗೆ ಎರಡೂ ಕೇಳಿಸುತ್ತದೆ. ಬಲಗಡೆ ಕಾಲಮ್ಮಿನಲ್ಲಿ ನೆರಳು ಅಂತ ಒಂದೇ ಪದ ಬರೆದು ನಾನು ನೆಮ್ಮದಿಯಾಗಿದ್ದೆ.

ಆಮೇಲೆ ಒಂದು ಚಳಿಗಾಲ ಬಿರುಗಾಳಿಗೆ ಎರಡು ದಿನ ಕರೆಂಟ್ ಹೋಯಿತು. ಮನೆ ಪೂರ್ತಿ ಕರೆಂಟಿನ ಮೇಲೆ ನಿಂತಿತ್ತು. ಹೀಟರ್ ಇಲ್ಲ, ಒಲೆ ಇಲ್ಲ, ಮಗಳಿಗೆ ಆಗ ಎರಡು ವರ್ಷ. ಎರಡನೇ ದಿನ ಸಂಜೆ ಪಕ್ಕದ ಜಮೀನಿನ ಮುದುಕರು ಬಂದರು. ಅದುವರೆಗೆ ನಮ್ಮ ನಡುವೆ ತಲೆ ಅಲ್ಲಾಡಿಸುವಷ್ಟೇ ಪರಿಚಯ. ಒಂದು ಕೈಯಲ್ಲಿ ಸಣ್ಣ ಗ್ಯಾಸ್ ಸ್ಟೌ, ಇನ್ನೊಂದರಲ್ಲಿ ಒಂದು ಚೀಲ ಆಲೂಗೆಡ್ಡೆ. ನಾನು ಐದಾರು ಸಲ ಥ್ಯಾಂಕ್ಸ್ ಹೇಳಿದೆ, ನಮ್ಮ ಅಭ್ಯಾಸ. ಅವರಿಗೆ ಮುಜುಗರ ಆಯಿತು. ತಮ್ಮ ಬೂಟಿನ ಕೆಸರು ನೋಡುತ್ತಾ, ಗೊಣಗಿದ ಹಾಗೆ, "ಅರ್ ಸ್ಕಾ ಅ ಹ್ಯೇಲೆ" ಅಂದರು. ಗಾದೆಯನ್ನು ಪೂರ್ತಿ ಹೇಳಲೂ ಇಲ್ಲ. ಹೊರಟೇಹೋದರು.

ಅವರು ಹೋದ ಮೇಲೆ ಹೊಳೆಯಿತು. ನಮಗೆ ನೆರಳು ಬೇಕಾಗುವುದು ಬಿಸಿಲಿಗೆ. ಆ ಪಡುವಣ ಕರಾವಳಿಯಲ್ಲಿ ಯಾರಿಗೂ ಬಿಸಿಲಿನಿಂದ ತಪ್ಪಿಸಿಕೊಳ್ಳುವ ಆಸೆ ಇಲ್ಲ, ಬಿಸಿಲು ಬಂದರೆ ಅಂಗಿ ಬಿಚ್ಚಿ ಕೂರುತ್ತಾರೆ. ಅವರ ಸ್ಕಾ ಬೇಕಾಗುವುದು ಗಾಳಿಗೆ, ಮಳೆಗೆ. ಕಲ್ಲಿನ ಪಾಗಾರದ ಮರೆಯಲ್ಲಿ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವಲ್ಲ, ಆ ಮರೆ. ಕೊಡೆಗೂ ಅವರು ಇದೇ ಪದ ಇಟ್ಟಿದ್ದಾರೆ, ಮಳೆ-ಸ್ಕಾ ಅಂತ. ಮರದ ನೆರಳಿನಲ್ಲಿ ಒಬ್ಬನೇ ಆರಾಮಾಗಿ ಮಲಗಬಹುದು. ಗಾಳಿಯ ಮರೆಗೆ ಇನ್ನೊಂದು ಮೈ ಬೇಕು. ಟರ್ಫ್ ಕೊಯ್ಯಲು, ಹುಲ್ಲು ಒಟ್ಟಲು ಊರಿನವರೆಲ್ಲ ಸರದಿ ಮೇಲೆ ಒಬ್ಬರ ಹೊಲಕ್ಕೆ ಒಬ್ಬರು ಹೋಗುವ ಪದ್ಧತಿಯೂ ಇದೆ, ಮೆಹಲ್ ಅನ್ನುತ್ತಾರೆ. ನಮ್ಮ ಮುಯ್ಯಾಳು. ಕೂಲಿ ಇಲ್ಲ, ಊಟ ಉಂಟು, ಲೆಕ್ಕ ಮನಸ್ಸಿನಲ್ಲಿ.

ದನಗಳ ವಿಷಯಕ್ಕೆ ಬರದೆ ಐರ್ಲೆಂಡಿನ ಗಾದೆ ಮುಗಿಯುವುದಿಲ್ಲ. ಹಸುವಿಗೆ ಅವರಲ್ಲಿ 'ಬೋ'. ಸಂಸ್ಕೃತದ ಗೋ ಮತ್ತು ಈ ಬೋ ಒಂದೇ ಬೇರಿನ ಎರಡು ಚಿಗುರು, ಭಾಷಾಶಾಸ್ತ್ರದವರು ಒಪ್ಪಿದ ಮಾತು. ಹುಡುಗನಿಗೆ ಬುಹಲ್ ಅನ್ನುತ್ತಾರೆ, ಅದರ ಹಳೆಯ ಅರ್ಥ ದನ ಕಾಯುವವನು. ಅಂದರೆ ಅಲ್ಲಿನ ಗಂಡುಹುಡುಗರೆಲ್ಲ ಗೋಪಾಲರೇ! ರಸ್ತೆಗೆ ಬೋಹರ್, ಅದರೊಳಗೂ ಹಸು ಇದೆ. ಎರಡು ಹಸು, ಒಂದು ಉದ್ದಕ್ಕೆ ಇನ್ನೊಂದು ಅಡ್ಡಕ್ಕೆ ನಿಲ್ಲುವಷ್ಟು ಅಗಲ ಇದ್ದರೆ ಅದು ಬೋಹರ್ ಎಂದು ಒಂದು ಪುರಾತನ ನಿಘಂಟು ಹೇಳುತ್ತದೆ.

ಅವರ ಹಳೆಯ ಸಾಹಿತ್ಯದಲ್ಲಿ ಮೂರು ಮೂರು ವಿಷಯ ಜೋಡಿಸಿ ಹೇಳುವ ಮಾತುಗಳಿವೆ. 9ನೇ ಶತಮಾನದ ಹೊತ್ತಿನವು. ಅದರಲ್ಲಿ ಒಂದನ್ನು ಕೇಳಿ: ಜಗತ್ತನ್ನು ಎತ್ತಿ ಹಿಡಿದಿರುವ ಮೂರು ಸಪೂರ ವಸ್ತುಗಳು ಯಾವುವು? ಹಸುವಿನ ಕೆಚ್ಚಲಿನಿಂದ ಪಾತ್ರೆಗೆ ಬೀಳುವ ಹಾಲಿನ ಎಳೆ. ನೆಲದಿಂದ ಮೇಲೆದ್ದ ಹಸಿರು ಪೈರಿನ ಎಸಳು. ಕಸುಬು ಬಲ್ಲ ಹೆಂಗಸಿನ ಕೈಮೇಲೆ ಹರಿಯುವ ನೂಲಿನ ಎಳೆ. ಇದನ್ನು ಓದಿದ ದಿನ ನಾನು ಬಲಗಡೆಯ ಕಾಲಮ್ಮನ್ನು ಖಾಲಿ ಬಿಟ್ಟೆ. ಇಂಥ ಇನ್ನೊಂದು ಮೂರರ ಮಾತು ಬಾಯಿಂದ ಬಾಯಿಗೆ ಬಂದದ್ದು, ಇಷ್ಟು ಕೋಮಲ ಅಲ್ಲ. ಯಾವ ಮೂರನ್ನು ನಂಬಬಾರದು? ಗೂಳಿಯ ಕೊಂಬು, ಕುದುರೆಯ ಗೊರಸು, ಇಂಗ್ಲಿಷಿನವನ ನಗು. ಕುದುರೆಯ ಹಿಂದೆ ಹೋಗಬೇಡ, ಅಧಿಕಾರಿಯ ಮುಂದೆ ಹೋಗಬೇಡ ಅಂತ ನಮ್ಮವರೂ ಹೇಳಿದ್ದಾರೆ. ಅನುಭವ ಒಂದೇ ಕಂಪನಿಯದ್ದು.

ಕೊಂಬಿನ ಇನ್ನೊಂದು ಗಾದೆ: ಕಡಲಾಚೆಯ ಹಸುಗಳಿಗೆ ಉದ್ದ ಕೊಂಬು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ನೀವೆಲ್ಲ ಒಳಗೇ ಹೇಳಿಕೊಂಡಿರಿ, ಗೊತ್ತು. ನಿಜಕ್ಕೂ ನಮ್ಮ ಬೆಟ್ಟದ ಅವಳಿ ಅವರಲ್ಲಿ ಬೇರೆಯೇ ಇದೆ: ದೂರದ ಗುಡ್ಡಗಳು ಹಸಿರು. ಹಾಗಾದರೆ ಈ ಹಸು ಯಾಕೆ ಬೇಕಾಯಿತು? ಬೆಟ್ಟಕ್ಕೆ ನಡೆದುಹೋಗಿ ನೋಡಿ, ಕಲ್ಲುಮುಳ್ಳು ಕಂಡು ವಾಪಸ್ ಬರಬಹುದು. ಕಡಲಾಚೆಗೆ ಹೋದವರು ವಾಪಸ್ ಬರುತ್ತಿರಲಿಲ್ಲ.

1845ರಲ್ಲಿ ಆಲೂಗೆಡ್ಡೆಗೆ ರೋಗ ಬಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು, ಜ್ವರದಲ್ಲಿ ಸತ್ತರು. ಹೆಚ್ಚುಕಮ್ಮಿ ಅಷ್ಟೇ ಜನ ಹಡಗು ಹತ್ತಿದರು. 1841ರ ಜನಗಣತಿಯಲ್ಲಿ 80 ಲಕ್ಷ ದಾಟಿದ್ದ ನಾಡು 1851ಕ್ಕೆ 65 ಲಕ್ಷದ ಆಸುಪಾಸಿಗೆ ಇಳಿಯಿತು. ಮಗನೋ ಮಗಳೋ ಅಮೆರಿಕಕ್ಕೆ ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಜಾಗರಣೆ ಮಾಡುತ್ತಿದ್ದರು. ಸತ್ತವರ ಹೆಣ ಇಟ್ಟುಕೊಂಡು ಮಾಡುವ ಜಾಗರಣೆ ಇದೆಯಲ್ಲ, ಅದೇ. ಅದಕ್ಕೆ 'ಅಮೆರಿಕದ ಜಾಗರಣೆ' ಅಂತಲೇ ಹೆಸರು. ಕುಣಿತ, ಹಾಡು, ಕುಡಿತ, ನಡುನಡುವೆ ತಾಯಿಯ ಗೋಳು. ಬೆಳಿಗ್ಗೆ ಊರಾಚೆಯವರೆಗೆ ಹೋಗಿ ಬಿಟ್ಟು ಬರುವುದು. ಹೋದವನ ಹಸುವಿಗೆ ಎಷ್ಟುದ್ದ ಕೊಂಬು ಅಂತ ಅಳೆದು ನೋಡುವವರು ಯಾರು? ಅವನು ಬರೆದ ಕಾಗದವೇ ಗತಿ. ಕಾಗದದಲ್ಲಿ ಯಾರು ತಾನೇ ಗಿಡ್ಡ ಕೊಂಬು ಬರೆಯುತ್ತಾರೆ? ನಾನೂ ಮೊದಲ ವರ್ಷ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆಲ್ಲ ಉದ್ದ ಕೊಂಬಿನ ಸುದ್ದಿಯೇ.

ಕೆಲವು ಗಾದೆಗಳನ್ನು ಬೇಗ ಬೇಗ ಹೇಳಿ ಮುಂದೆ ಹೋಗುತ್ತೇನೆ, ಇವಕ್ಕೆ ವಿವರಣೆ ಬೇಡ. ಮೇಕೆಗೆ ರೇಷ್ಮೆ ಉಡಿಸಿದರೂ ಅದು ಮೇಕೆಯೇ. ಸದ್ದು ಮಾಡದ ಹಂದಿಗಳೇ ಹಿಟ್ಟು ತಿನ್ನೋದು. ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಈ ಹಂದಿ ಚೆನ್ನಾಗಿ ಗೊತ್ತು. ಒಂದು ಜೀರುಂಡೆ ಇನ್ನೊಂದು ಜೀರುಂಡೆಯನ್ನು ಗುರುತು ಹಿಡಿಯುತ್ತದೆ. ಎಷ್ಟೋ ಸಲ ಮನುಷ್ಯನ ಬಾಯಿ ಅವನ ಮೂಗನ್ನು ಮುರಿದಿದೆ. ಹೊಟ್ಟೆ ತುಂಬಿದವನಿಗೆ ಬಡಕಲ ಅರ್ಥವಾಗಲ್ಲ. ಬೆಣ್ಣೆಗೂ ವಿಸ್ಕಿಗೂ ವಾಸಿಯಾಗದ ಕಾಯಿಲೆಗೆ ಮದ್ದೇ ಇಲ್ಲ. ಬದುಕಿರು ಕುದುರೆಯೇ, ಹುಲ್ಲು ಸಿಗುತ್ತದೆ. ಈ ಕುದುರೆಯ ಮಾತನ್ನು ಕೆಲವು ಪಟ್ಟಿಗಳಲ್ಲಿ 'ತಾಳಿದವನು ಬಾಳಿಯಾನು' ಅನ್ನುವ ಅರ್ಥಕ್ಕೆ ಹಾಕಿರುತ್ತಾರೆ. ಜನ ಆಡುವಾಗ ಮುಖ ನೋಡಬೇಕು, ತುಟಿ ಒಂದು ಕಡೆ ಸೊಟ್ಟಗಾಗಿರುತ್ತದೆ. ಹುಲ್ಲು ಬರೋ ಹೊತ್ತಿಗೆ ಕುದುರೆ ಇರಲ್ಲ ಅಂತ ಎಲ್ಲರಿಗೂ ಗೊತ್ತು. ನಮ್ಮ ಬಾಗಿಲ ಮೇಲಿನ 'ನಾಳೆ ಬಾ' ಇದೆಯಲ್ಲ, ಆ ಜಾತಿಯದು.

ಒಂದು ಗಾದೆಯ ಮುಂದೆ ಮಾತ್ರ ನಾನು ಸೋತೆ. 'ಮೊಲ್ ಅನ್ ಓಗೆ ಅಗಸ್ ಚುಕೀ ಶೀ.' ಎಳೆಯರನ್ನು ಹೊಗಳು, ಬೆಳೆಯುತ್ತಾರೆ. ನಮ್ಮಲ್ಲಿ ಮಕ್ಕಳ ವಿಷಯಕ್ಕೆ ಮೊದಲು ನಾಲಿಗೆಗೆ ಬರುವುದು ಯಾವುದು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ. ನಾವು ಬಗ್ಗಿಸಲು ಹೊರಡುತ್ತೇವೆ. ಅವರೂ ತಮ್ಮ ಮಕ್ಕಳಿಗೆ ಸಾಕಷ್ಟು ಹೊಡೆದವರೇ, ಸಾಧುಗಳೇನಲ್ಲ. ಆದರೂ ಗಾದೆ ಹೇಳುವಾಗ ಹೊಗಳು ಅಂದಿದ್ದಾರಲ್ಲ, ಅದು ನನಗೆ ಇಷ್ಟವಾಯಿತು.

ಈಗ ಒಂದು ತಪ್ಪು ಅನುವಾದದ ಕಥೆ. 'ರಸ್ತೆಯೇ ಎದ್ದು ನಿನ್ನನ್ನು ಎದುರುಗೊಳ್ಳಲಿ' ಎಂಬ ಐರಿಷ್ ಹಾರೈಕೆಯನ್ನು ನೀವು ವಾಟ್ಸಾಪಿನಲ್ಲಿ ನೋಡಿರುತ್ತೀರಿ, ಹಸಿರು ಹುಲ್ಲುಗಾವಲಿನ ಚಿತ್ರದ ಜೊತೆ. ಕೇಳಲು ಕಾವ್ಯ. ಮೂಲದಲ್ಲಿ ಇರುವುದು 'ಗೊ ನೈರೀ ಅನ್ ಬೋಹರ್ ಲ್ಯಾತ್'. ಇದರೊಳಗಿನ ಕ್ರಿಯಾಪದಕ್ಕೆ ಏಳು ಅನ್ನುವ ಅರ್ಥವೂ ಇದೆ, ಆದರೆ ಮುಂದೆ 'ಲ್ಯಾತ್' ಬಂದಾಗ ಅದು ಕೈಗೂಡು ಅಂತ ಆಗುತ್ತದೆ. ದಾರಿ ನಿನಗೆ ಕೈಗೂಡಲಿ. ಪ್ರಯಾಣ ಸುಖವಾಗಲಿ, ಅಷ್ಟೇ. ಯಾರೋ ಪದಕ್ಕೆ ಪದ ಇಟ್ಟರು, ರಸ್ತೆ ಎದ್ದು ನಿಂತಿತು. 'ತಲೆ ತಿನ್ನಬೇಡ' ಅನ್ನುವುದನ್ನು ಇಂಗ್ಲಿಷಿಗೆ ಹಾಗೇ ಹಾಕಿದರೆ ನಾವು ನರಭಕ್ಷಕರು ಆಗುವುದಿಲ್ಲವೇ? ಆದರೆ ತಮಾಷೆ ಏನೆಂದರೆ, ಆ ತಪ್ಪು ಸಾಲು ಈಗ ಐರ್ಲೆಂಡಿನವರ ಮದುವೆ ಕಾರ್ಡಿನಲ್ಲೂ ಬರುತ್ತದೆ. ಅವರಿಗೂ ಅದೇ ಚೆಂದ ಕಂಡಿದೆ. ನಾವು ಯಾರು ಬೇಡ ಅನ್ನಲು.

ದಾರಿಯದೇ ಇನ್ನೊಂದು. ಇಬ್ಬರಾದರೆ ದಾರಿ ಗಿಡ್ಡ. ಇದಕ್ಕೆ ಅಲ್ಲಿನ ಜನಪದದಲ್ಲಿ ಒಂದು ಕಥೆ ಇದೆ. ಗೋಬನ್ ಸೇರ್ ಅಂತ ಒಬ್ಬ ಮಹಾ ಶಿಲ್ಪಿ. ನಮ್ಮ ಜಕಣಾಚಾರಿಯ ಹಾಗೆ, ಯಾವ ಹಳೆ ಕಟ್ಟಡ ಕಂಡರೂ ಅವನದೇ ಅನ್ನುತ್ತಾರೆ. ರಾಜನೊಬ್ಬನಿಗೆ ಕೋಟೆ ಕಟ್ಟಲು ಅಪ್ಪ ಮಗ ಹೊರಟರು. ಸ್ವಲ್ಪ ದೂರ ಹೋಗಿ ಅಪ್ಪ, "ಮಗಾ, ದಾರಿ ಗಿಡ್ಡ ಮಾಡು" ಅಂದ. ಮಗ ಕಕ್ಕಾಬಿಕ್ಕಿ. "ಅದು ಹೇಗೆ ಮಾಡಲಿ?" ಅಪ್ಪ ಸೀದಾ ಮನೆಗೆ ವಾಪಸ್. ಮರುದಿನವೂ ಹಾಗೇ. ಆ ರಾತ್ರಿ ಸೊಸೆ ಗಂಡನಿಗೆ, "ಅಷ್ಟೂ ಗೊತ್ತಾಗಲಿಲ್ಲವಾ? ನಡೀತಾ ನಡೀತಾ ಒಂದು ಕಥೆ ಹೇಳು" ಎಂದಳು. ಮೂರನೇ ದಿನ ದಾರಿ ಸಾಗಿದ್ದೇ ಗೊತ್ತಾಗಲಿಲ್ಲ.

ಕೋಟೆ ಮುಗಿಯುತ್ತಾ ಬಂತು. ಇಂಥದು ಇನ್ನೊಬ್ಬನಿಗೆ ಕಟ್ಟಿಕೊಡಬಾರದು ಅಂತ ರಾಜ ಇಬ್ಬರನ್ನೂ ಮುಗಿಸಲು ಯೋಚಿಸಿದ. ಗೋಬನ್‌ಗೆ ಸುಳಿವು ಸಿಕ್ಕಿತು. "ಮಹಾಪ್ರಭು, ಕೊನೆ ಕೆಲಸಕ್ಕೆ ಒಂದು ಸಲಕರಣೆ ಬೇಕು, ಮನೆಯಲ್ಲಿದೆ. ಅದರ ಹೆಸರು 'ಸೊಟ್ಟಕ್ಕೆ ಸೊಟ್ಟ'. ನಿಮ್ಮ ಮಗನೇ ಹೋದರೆ ಮಾತ್ರ ನಮ್ಮವರು ಕೊಡುತ್ತಾರೆ" ಎಂದ. ರಾಜಕುಮಾರ ಹೋಗಿ ಕೇಳಿದ. ಅಂಥ ಸಲಕರಣೆ ಮನೆಯಲ್ಲಿ ಇಲ್ಲವೇ ಇಲ್ಲ. ಆದರೆ ಸೊಸೆಗೆ ಅರ್ಥವಾಯಿತು, ಅಲ್ಲಿ ಏನೋ ಸೊಟ್ಟ ನಡೆದಿದೆ, ನಾನೂ ಸೊಟ್ಟ ಮಾಡಬೇಕು. "ಆ ದೊಡ್ಡ ಪೆಟ್ಟಿಗೆಯ ತಳದಲ್ಲಿದೆ, ನನ್ನ ಕೈಗೆ ಎಟುಕಲ್ಲ, ನೀವೇ ಬಗ್ಗಿ ತೆಗೆದುಕೊಳ್ಳಿ" ಎಂದಳು. ಬಗ್ಗಿದ. ಕಾಲು ಹಿಡಿದು ಒಳಗೆ ತಳ್ಳಿ ಮುಚ್ಚಳ ಹಾಕಿದಳು. ನಮ್ಮವರು ಕ್ಷೇಮವಾಗಿ ಮನೆ ಸೇರಿದರೆ ನಿಮ್ಮ ಮಗ ಬರುತ್ತಾನೆ ಅಂತ ರಾಜನಿಗೆ ಹೇಳಿ ಕಳಿಸಿದಳು. ಒಂದೇ ಮಾತು ಮೂವರ ಕಿವಿಗೆ ಬಿತ್ತು ನೋಡಿ. ರಾಜನಿಗೂ ರಾಜಕುಮಾರನಿಗೂ ಅದು ಸಲಕರಣೆ. ಅವಳಿಗೆ ಮಾತ್ರ ಗಾದೆ.

ಭಾಷೆಯ ಬಗ್ಗೆ ಒಂದು ಹೇಳಿಬಿಡಬೇಕು. 'ಇಸ್ ಫಾರ್ ಗ್ವೇಲ್ಗೆ ವ್ರಿಶ್ಟೆ ನಾ ಬೇರ್ಲ ಕ್ಲಿಶ್ಟೆ.' ಕ್ಲಿಶ್ಟೆ ಕೇಳಿ ಕ್ಲಿಷ್ಟ ಅಂದುಕೊಂಡಿದ್ದೆ, ಅಲ್ಲ, ಕ್ಲಿಶ್ಟೆ ಅಂದರೆ ಜಾಣ. ಜಾಣ ಇಂಗ್ಲಿಷಿಗಿಂತ ಮುರುಕು ಐರಿಷ್ ವಾಸಿ. ತರಗತಿಯಲ್ಲಿ ತಡವರಿಸುವ ಪ್ರತಿಯೊಬ್ಬನಿಗೂ ಮೇಷ್ಟ್ರು ಇದನ್ನು ಹೇಳುತ್ತಿದ್ದರು. 19ನೇ ಶತಮಾನದಲ್ಲಿ ಮಕ್ಕಳ ಕೊರಳಿಗೆ ಒಂದು ಕೋಲು ಕಟ್ಟುತ್ತಿದ್ದರು. ಐರಿಷ್ ಮಾತಾಡಿದಾಗಲೆಲ್ಲ ಕೋಲಿನ ಮೇಲೆ ಒಂದು ಗೀರು. ಸಂಜೆ ಗೀರು ಎಣಿಸಿ ಏಟು. ಕೆಲವು ಕಡೆ ಗೀರು ಹಾಕುತ್ತಿದ್ದವರು ತಂದೆ ತಾಯಿಗಳೇ. ಮಗು ಇಂಗ್ಲಿಷ್ ಕಲಿತು ಹಡಗು ಹತ್ತಲಿ, ಬದುಕಿಕೊಳ್ಳಲಿ ಅಂತ. ನಾನು ಓದಿದ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಐವತ್ತು ಪೈಸೆ ದಂಡ ಇತ್ತು. ನನ್ನಪ್ಪ ಅದನ್ನು ಬೈದುಕೊಳ್ಳದೆ ಕಟ್ಟುತ್ತಿದ್ದರು. ಕೋಲಿನ ಕಥೆ ಕೇಳಿದ ದಿನ ಆ ಚಿಲ್ಲರೆ ನೆನಪಾಯಿತು.

ಇಷ್ಟೆಲ್ಲ ಗಾದೆಗಳು ಉಳಿದದ್ದು ಹೇಗೆ ಅನ್ನುವುದಕ್ಕೆ ಇದರದೇ ಇನ್ನೊಂದು ಮಗ್ಗುಲು ಇದೆ. ಸ್ವಾತಂತ್ರ್ಯ ಬಂದ ಮೇಲೆ, 1935ರಲ್ಲಿ, ಜನಪದ ಸಂಗ್ರಹಕ್ಕೆ ಸರ್ಕಾರ ಒಂದು ಆಯೋಗ ಮಾಡಿತು. 1937ರಿಂದ 1939ರವರೆಗೆ ಅವರು ಕೆಲಸವನ್ನು ಮಕ್ಕಳಿಗೆ ಕೊಟ್ಟರು. ಸುಮಾರು 5,000 ಪ್ರಾಥಮಿಕ ಶಾಲೆಗಳು, ಹನ್ನೊಂದರಿಂದ ಹದಿನಾಲ್ಕು ವರ್ಷದ ಸುಮಾರು 50,000 ಮಕ್ಕಳು. ಪ್ರಬಂಧ ಬರೆಯುವ ಪೀರಿಯಡ್ಡಿನಲ್ಲಿ ಪ್ರಬಂಧ ಬೇಡ, ಮನೆಗೆ ಹೋಗಿ ಹಿರಿಯರನ್ನು ಕೇಳಿ ಬಂದದ್ದನ್ನು ಬರೆಯಿರಿ ಅಂದರು. ಔಷಧಿ, ಆಟ, ದೆವ್ವ, ಗಾದೆ, ಎಲ್ಲ. ಯಾರು ಹೇಳಿದರು, ಅವರ ವಯಸ್ಸೆಷ್ಟು, ಯಾವ ಊರು ಅನ್ನುವುದನ್ನೂ ಬರೆಯಬೇಕು. ಲಕ್ಷಾಂತರ ಪುಟಗಳಾದವು. ಈಗ ಅವೆಲ್ಲ ಡಬ್ಲಿನ್ನಿನ ವಿಶ್ವವಿದ್ಯಾಲಯದಲ್ಲಿವೆ. 2017ರಲ್ಲಿ ಯುನೆಸ್ಕೊ ಆಯೋಗದ ಸಂಗ್ರಹವನ್ನು ತನ್ನ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಮಕ್ಕಳ ಪುಟಗಳನ್ನು ನೀವು ಮನೆಯಲ್ಲೇ ಕೂತು ನೋಡಬಹುದು, 'ಡೂಖಸ್' ಅನ್ನುವ ತಾಣದಲ್ಲಿದೆ. ಗುಂಡು ಗುಂಡು ಅಕ್ಷರ, ಶಾಯಿ ಚೆಲ್ಲಿದ ಕಲೆ ಸಮೇತ. ಅಂದಹಾಗೆ ಡೂಖಸ್ ಅಂದರೆ ಹುಟ್ಟಿನಿಂದ ಬಂದದ್ದು. ಈ ಪದವೂ ಒಂದು ಗಾದೆಯಲ್ಲಿದೆ: ಬೆಕ್ಕಿನ ಕಣ್ಣಿನಲ್ಲಿ ಡೂಖಸ್ ಇಣುಕುತ್ತದೆ. ನಾವು ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತೇವೆ. ಸುಡುವ ತನಕ ಅವರು ಹೋಗಿಲ್ಲ, ಇಲಿ ಓಡಿದಾಗ ಬೆಕ್ಕಿನ ಕಣ್ಣು ನೋಡಿ ಸುಮ್ಮನಾಗಿದ್ದಾರೆ.

ಆ ಪುಟಗಳನ್ನು ನೋಡಿ ನನಗೂ ಹುರುಪು ಬಂತು. ಊರಿಗೆ ಮರಳಿದ ಮೇಲೆ ಮಗಳಿಗೆ ಒಂದು ನೋಟ್‌ಬುಕ್ ಕೊಟ್ಟು, "ಅಜ್ಜಿಗೆ ಫೋನ್ ಮಾಡು, ಗಾದೆ ಕೇಳಿ ಬರಿ" ಅಂದೆ. ಅವಳು ಕೇಳಿದಳು. ಅಮ್ಮ, "ಈಗ ಯಾವ ಗಾದೆ ಪುಟ್ಟಾ, ಒಂದೂ ನೆನಪಾಗ್ತಿಲ್ಲ" ಅಂದರು. ಮಗಳು ಪ್ರಾಮಾಣಿಕವಾಗಿ ಬರೆದಳು. ಹೇಳಿದವರು: ಅಜ್ಜಿ. ವಯಸ್ಸು: 78. ಗಾದೆ: ಇಲ್ಲ.

ಎರಡು ದಿನ ಬಿಟ್ಟು ಅಮ್ಮನೇ ಫೋನ್ ಮಾಡಿದರು. ಪಕ್ಕದ ತೋಟದವರು ಬೇಲಿಯನ್ನು ಒಂದು ಗೇಣು ಈಚೆಗೆ ಜರುಗಿಸಿದ್ದಾರಂತೆ. ಸ್ಪೀಕರ್ ಹಾಕಿದ್ದೆ. ಹತ್ತು ನಿಮಿಷ ಅವರ ವಿಷಯ, ಅವರಪ್ಪನ ವಿಷಯ, ಪಂಚಾಯಿತಿಯವರ ವಿಷಯ ಎಲ್ಲ ಬಂತು. ನಾನು ಹ್ಞೂಂ ಹ್ಞೂಂ ಅನ್ನುತ್ತಿದ್ದೆ. ಫೋನ್ ಇಟ್ಟ ಮೇಲೆ ತಿರುಗಿ ನೋಡಿದರೆ ಮಗಳು ನೋಟ್‌ಬುಕ್ ತೆಗೆದು ಬರೆಯುತ್ತಿದ್ದಾಳೆ. 'ಇಲ್ಲ' ಅನ್ನುವುದನ್ನು ಹೊಡೆದುಹಾಕಿ ಅದರ ಕೆಳಗೆ ನಾಲ್ಕು ಸಾಲು ಬರೆದಿದ್ದಳು. ಮೊದಲನೆಯದು, ಬೇಲಿಯೇ ಎದ್ದು ಹೊಲ ಮೇಯ್ದಂತೆ. ನಾಲ್ಕನೆಯದನ್ನು ಇಲ್ಲಿ ಹೇಳುವ ಹಾಗಿಲ್ಲ.